ತೆರಿಗೆ ಇಲ್ಲದ ದ್ವೀಪ ನಡೆಯೋದು ಯಾರ ದುಡ್ಡಲ್ಲಿ?

1/8
ನನ್ನ ಕ್ಲಾಸ್‌ಮೇಟ್ ಒಬ್ಬ ಬಿಕಾಂ ಮುಗಿದ ತಕ್ಷಣ ಬಹ್ರೈನ್‌ಗೆ ಹೋಗ್ತಾನಂತೆ. ಅವನ ಸೋದರಮಾವ ಅಲ್ಲಿದ್ದಾರೆ, ಅಕೌಂಟ್ಸ್ ಕೆಲಸ ಕೊಡಿಸ್ತಾರೆ. ರಾಜಾಜಿನಗರದ ದರ್ಶಿನಿಯಲ್ಲಿ ಬೈಟು ಕಾಫಿ ಕುಡೀತಾ ಹೇಳಿದ: "ಮಗಾ, ಅಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ಲ. ಒಂದು ದಿನಾರ್ ಅಂದ್ರೆ ಇನ್ನೂರು ರೂಪಾಯಿ ಮೇಲೆ."

ಎರಡೂ ನಿಜ. ಆದರೆ ನಾವು ಓದ್ತಿರೋದು ಕಾಮರ್ಸ್ ಅಲ್ವಾ? ಖರ್ಚಿನ ಕಾಲಂ ನೋಡಿದ ಮೇಲೆ ಆದಾಯದ ಕಾಲಂ ಕೇಳಬೇಕು. ಜನರ ಹತ್ತಿರ ಆದಾಯ ತೆರಿಗೆ ತಗೊಳ್ಳದ ಸರ್ಕಾರ ರಸ್ತೆ, ಶಾಲೆ, ಆಸ್ಪತ್ರೆ, ಸಂಬಳ ಎಲ್ಲಾ ಯಾವ ದುಡ್ಡಲ್ಲಿ ನಡೆಸುತ್ತೆ? ಆ ದುಡ್ಡು ಎಷ್ಟು ದಿನ ಬರುತ್ತೆ? ಎರಡು ವಾರ ಇದನ್ನೇ ಓದಿದೆ. ಓದಿದ್ದನ್ನ ಎಂಟು ಭಾಗದಲ್ಲಿ ಹಾಕ್ತಿದ್ದೀನಿ. ಸೇವ್ ಮಾಡಿಕೊಂಡು ನಿಧಾನಕ್ಕೆ ಓದಿ.

2/8
ಮೊದಲು ಸೈಜು. ಬಹ್ರೈನ್ ಅಂದ್ರೆ ಪರ್ಷಿಯನ್ ಕೊಲ್ಲಿಯಲ್ಲಿ ಸೌದಿ ಅರೇಬಿಯಾ ಮತ್ತು ಕತಾರ್ ನಡುವೆ ಇರುವ ದ್ವೀಪಗಳ ಗುಂಪು. ಒಟ್ಟು ವಿಸ್ತೀರ್ಣ 800 ಚದರ ಕಿ.ಮೀ.ಗೂ ಕಡಿಮೆ. ನಮ್ಮ ಬಿಬಿಎಂಪಿ ವ್ಯಾಪ್ತಿಯೇ 700 ಚದರ ಕಿ.ಮೀ. ದಾಟಿತ್ತು. ಅಂದರೆ ಇಡೀ ದೇಶ ಹೆಚ್ಚೂ ಕಡಿಮೆ ಬೆಂಗಳೂರಿನಷ್ಟೇ. ಜನಸಂಖ್ಯೆ ಸುಮಾರು 15 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರದೇಶದವರು. ಭಾರತೀಯರೇ 3 ಲಕ್ಷಕ್ಕೂ ಹೆಚ್ಚು.

ಅತಿ ಎತ್ತರದ ಜಾಗ ಜಬಲ್ ಅದ್ ದುಖಾನ್, ಅಂದರೆ 'ಹೊಗೆಯ ಬೆಟ್ಟ'. ಎತ್ತರ ಬರೀ 134 ಮೀಟರ್. ಈ ಬೆಟ್ಟದ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

'ಬಹ್ರೈನ್' ಅಂದರೆ ಎರಡು ಸಮುದ್ರ. ಸುತ್ತ ಉಪ್ಪು ನೀರು, ಆದರೂ ನೆಲದಿಂದ, ಸಮುದ್ರದ ತಳದಿಂದಲೂ ಸಿಹಿನೀರಿನ ಬುಗ್ಗೆಗಳು ಉಕ್ಕುತ್ತಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದಿನ ದಿಲ್ಮುನ್ ನಾಗರಿಕತೆ ಇಲ್ಲಿ ಬೆಳೆದದ್ದಕ್ಕೆ ಆ ನೀರೇ ಒಂದು ಮುಖ್ಯ ಕಾರಣ. ಸಿಂಧೂ ಕಣಿವೆ ಮತ್ತು ಮೆಸೊಪೊಟೇಮಿಯಾ ನಡುವಿನ ವ್ಯಾಪಾರಕ್ಕೆ ಇದು ತಂಗುದಾಣ. ಆದರೆ ಇಪ್ಪತ್ತನೇ ಶತಮಾನದಲ್ಲಿ ಬೋರ್ ಕೊರೆದು ಕೊರೆದು ಅಂತರ್ಜಲ ಇಳಿಯಿತು. ಹೆಸರಾಂತ ಅದಾರಿ ಬುಗ್ಗೆ ಬತ್ತಿಹೋಯಿತು. ಈಗ ಕುಡಿಯೋಕೆ ಸಮುದ್ರದ ನೀರಿನ ಉಪ್ಪು ತೆಗೆಯಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

3/8
ತೈಲಕ್ಕೆ ಮುಂಚೆ ಏನಿತ್ತು? ಮುತ್ತು. ಪ್ರತಿ ಬೇಸಿಗೆ ಸುಮಾರು ನಾಲ್ಕು ತಿಂಗಳು ದೋಣಿಗಳು ಸಮುದ್ರಕ್ಕೆ ಹೋಗುತ್ತಿದ್ದವು. ಮುಳುಗುಗಾರ ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಕಾಲಿಗೆ ಕಲ್ಲು ಕಟ್ಟಿಕೊಂಡು, ಒಂದೇ ಉಸಿರಲ್ಲಿ ತಳಕ್ಕೆ ಇಳಿದು ಚಿಪ್ಪು ತರುತ್ತಿದ್ದ. ಆ ಮುತ್ತು ಬಹುತೇಕ ಬಾಂಬೆಯ ಮಾರುಕಟ್ಟೆಗೆ ಬಂದು, ಅಲ್ಲಿಂದ ಜಗತ್ತಿಗೆ ಹೋಗುತ್ತಿತ್ತು.

ಲಾಭ ಯಾರಿಗೆ? ಮುಳುಗುಗಾರನಿಗಂತೂ ಅಲ್ಲ. ಸೀಸನ್ ಶುರುವಾಗುವ ಮುಂಚೆ ದೋಣಿ ನಾಯಕ ಮುಂಗಡ ಕೊಡುತ್ತಿದ್ದ. ಅವನಿಗೂ ವ್ಯಾಪಾರಿಯ ಸಾಲ. ಮುತ್ತು ಸಿಗದಿದ್ದರೆ ಮುಂಗಡ ಸಾಲವಾಗುತ್ತಿತ್ತು, ಅಪ್ಪ ಸತ್ತರೆ ಆ ಸಾಲ ಮಗನ ತಲೆಗೆ. ನಮ್ಮಲ್ಲಿನ ಜೀತದ ಕಥೆ ಕೇಳಿದವರಿಗೆ ಇದು ಹೊಸದಲ್ಲ. 1920ರ ದಶಕದಲ್ಲಿ ಈ ಪದ್ಧತಿಯನ್ನು ತಿದ್ದುವ ಪ್ರಯತ್ನ ನಡೆಯಿತು.

ಅಷ್ಟರಲ್ಲಿ ಎರಡು ಏಟು ಒಟ್ಟಿಗೇ ಬಿತ್ತು. ಜಪಾನಿನ ಮಿಕಿಮೊಟೊ ಅಭಿವೃದ್ಧಿಪಡಿಸಿದ ಕೃಷಿ ಮುತ್ತು ಮಾರುಕಟ್ಟೆಗೆ ನುಗ್ಗಿತು. 1929ರಲ್ಲಿ ಮಹಾ ಆರ್ಥಿಕ ಕುಸಿತ ಬಂತು. ಒಂದೇ ವಸ್ತುವಿನ ಮೇಲೆ ನಿಂತಿದ್ದ ಇಡೀ ದ್ವೀಪ ಕುಸಿಯಿತು. 2012ರಲ್ಲಿ ಯುನೆಸ್ಕೊ ಮುಹರಖ್ ಊರಿನ ಹಳೇ ಮುತ್ತಿನ ವ್ಯಾಪಾರಿಗಳ ಮನೆಗಳನ್ನು, ಸಮುದ್ರದ ಚಿಪ್ಪಿನ ಹಾಸುಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

4/8
ಈಗ ನಮಗೂ ಅವರಿಗೂ ಇರೋ ನಂಟು. 1783ರಿಂದ ಬಹ್ರೈನ್ ಆಳುತ್ತಿರುವುದು ಅಲ್ ಖಲೀಫಾ ಮನೆತನ. 1820ರಿಂದ ಶುರುವಾಗಿ ಒಂದರ ಮೇಲೊಂದು ಒಪ್ಪಂದ ಮಾಡಿಕೊಂಡ ಬ್ರಿಟಿಷರು, 1892ರ ಹೊತ್ತಿಗೆ ಅದರ ವಿದೇಶ ವ್ಯವಹಾರವನ್ನೆಲ್ಲ ತಮ್ಮ ಕೈಗೆ ತಗೊಂಡರು. ಆದರೆ ಕೊಲ್ಲಿಯ ಉಸ್ತುವಾರಿ ಲಂಡನ್‌ನಿಂದ ನಡೆಯುತ್ತಿರಲಿಲ್ಲ, 1947ರವರೆಗೂ ಬ್ರಿಟಿಷ್ ಇಂಡಿಯಾ ಸರ್ಕಾರದ ಕೈಯಲ್ಲಿತ್ತು. 1933ರಿಂದ ಅಲ್ಲಿ ಬಳಸಿದ್ದು ಭಾರತದ ಅಂಚೆಚೀಟಿಗಳನ್ನೇ, ಮೇಲೆ 'ಬಹ್ರೈನ್' ಅಂತ ಮುದ್ರೆ ಒತ್ತಿ.

ದುಡ್ಡೂ ನಮ್ಮ ರೂಪಾಯಿಯೇ. ಸ್ವಾತಂತ್ರ್ಯ ಬಂದ ಮೇಲೂ ಹಾಗೇ ಮುಂದುವರಿಯಿತು. ಆದರೆ ಆ ರೂಪಾಯಿ ಕೊಟ್ಟು ಕೊಲ್ಲಿಯಿಂದ ಚಿನ್ನದ ಕಳ್ಳಸಾಗಣೆ ಜೋರಾಯಿತು, ಭಾರತದ ವಿದೇಶಿ ವಿನಿಮಯ ಸೋರತೊಡಗಿತು. ಅದಕ್ಕೇ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗಷ್ಟೇ ಬೇರೆ ನೋಟು ಹೊರಡಿಸಿತು, ಅದೇ 'ಗಲ್ಫ್ ರುಪಿ'. 1965ರಲ್ಲಿ ಬಹ್ರೈನ್ ತನ್ನ ದಿನಾರ್ ತಂತು. ಆಗಿನ ದರ: 1 ದಿನಾರ್‌ಗೆ 10 ರೂಪಾಯಿ. ಮರುವರ್ಷ, 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಅಪಮೌಲ್ಯ ಮಾಡಿತು. ಹತ್ತರಿಂದ ಇನ್ನೂರರಾಚೆಗೆ ಹೋದ ಕಥೆ ಅಲ್ಲಿಂದ ಶುರು. ದಿನಾರ್ ಡಾಲರ್‌ಗೆ ಕಟ್ಟಿಕೊಂಡಿದೆ, 1 ಡಾಲರ್‌ಗೆ 0.376 ದಿನಾರ್. ಆದ್ದರಿಂದ ನನ್ನ ಫ್ರೆಂಡ್ ಹೊಗಳಿದ್ದು ಒಂದು ರೀತಿಯಲ್ಲಿ ಡಾಲರನ್ನ.

5/8
ಮುತ್ತು ಮುಳುಗುವ ಹೊತ್ತಿಗೇ ತೈಲ ತೇಲಿತು. ನ್ಯೂಜಿಲೆಂಡ್‌ನ ಫ್ರಾಂಕ್ ಹೋಮ್ಸ್ 1925ರಲ್ಲಿ ತೈಲ ಹುಡುಕುವ ಹಕ್ಕು ಪಡೆದ. ಅದು ಕೈ ಬದಲಾಗಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾಗೆ ಹೋಯಿತು, ಬಾಪ್ಕೊ ಕಂಪನಿ ಹುಟ್ಟಿತು. 1932ರ ಜೂನ್‌ನಲ್ಲಿ ಆ 'ಹೊಗೆಯ ಬೆಟ್ಟ'ದ ಬುಡದಲ್ಲಿ ಎಣ್ಣೆ ಚಿಮ್ಮಿತು. ಕೊಲ್ಲಿಯ ಅರಬ್ ದಡದಲ್ಲಿ ಸಿಕ್ಕ ಮೊದಲ ತೈಲ ಅದು, ಸೌದಿಗಿಂತ, ಕುವೈತ್‌ಗಿಂತ ಮುಂಚೆ. 1934ರಲ್ಲಿ ರಫ್ತು, 1936ರಲ್ಲಿ ಸಂಸ್ಕರಣಾಗಾರ.

ಮೊದಲು ಸಿಕ್ಕವರಿಗೆ ಕಡಿಮೆ ಸಿಕ್ಕಿತು. ಬಹ್ರೈನ್‌ನ ತೈಲಬಾವಿಗಳು 1970ರ ಸುಮಾರಿಗೇ ಉತ್ತುಂಗ ಮುಟ್ಟಿ ಇಳಿಯತೊಡಗಿದವು. ಇವತ್ತು ಅದಕ್ಕೆ ಸಿಗುವ ಕಚ್ಚಾ ತೈಲದ ಬಹುಪಾಲು ಬರೋದು ಸಮುದ್ರದಲ್ಲಿರುವ ಅಬು ಸಫಾ ಕ್ಷೇತ್ರದಿಂದ. ಅದನ್ನು ನಡೆಸುವುದು ಸೌದಿ ಅರಾಮ್ಕೊ, ಬಹ್ರೈನ್‌ಗೆ ಅರ್ಧ ಪಾಲು. ಸಂಸ್ಕರಣಾಗಾರಕ್ಕೂ ಪೈಪ್‌ನಲ್ಲಿ ಸೌದಿ ತೈಲ ಬರುತ್ತೆ. 1986ರಲ್ಲಿ ತೆರೆದ 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುಮಾರ್ಗವೂ ಸೌದಿಗೇ. ಪಕ್ಕದ ಮನೆಯವರ ಮೋಟಾರ್‌ನಿಂದ ನಮ್ಮ ಸಂಪಿಗೆ ನೀರು ಬರ್ತಿದ್ರೆ ಅವರ ಜೊತೆ ಜಗಳ ಆಡೋಕೆ ಆಗುತ್ತಾ?

6/8
ರಾಜಕೀಯ. ಬ್ರಿಟಿಷರು ಹೊರಡುವ ಹೊತ್ತಿಗೆ ಇರಾನ್ 'ಬಹ್ರೈನ್ ನಮ್ಮದು' ಅನ್ನುತ್ತಿತ್ತು. 1970ರಲ್ಲಿ ವಿಶ್ವಸಂಸ್ಥೆ ಪ್ರತಿನಿಧಿ ಬಂದು ಜನರ ಅಭಿಪ್ರಾಯ ಕೇಳಿದ, ಜನಕ್ಕೆ ಸ್ವತಂತ್ರ ದೇಶ ಬೇಕಿತ್ತು. ಸ್ವಾತಂತ್ರ್ಯ ಘೋಷಿಸಿದ ದಿನ 1971ರ ಆಗಸ್ಟ್ 15. ಹೌದು, ನಮ್ಮದೇ ದಿನ! ಆದರೆ ಅವರು ರಾಷ್ಟ್ರೀಯ ದಿನ ಆಚರಿಸುವುದು ಡಿಸೆಂಬರ್ 16ಕ್ಕೆ.

1973ರಲ್ಲಿ ಸಂವಿಧಾನ, ಚುನಾವಣೆ. 1975ರಲ್ಲಿ ಸಂಸತ್ತು ವಿಸರ್ಜನೆ. 2002ರಲ್ಲಿ ದೇಶ 'ರಾಜ್ಯ'ದಿಂದ 'ಅರಸೊತ್ತಿಗೆ' ಆಯಿತು, ಎರಡು ಸದನ ಬಂದವು. ಒಂದರಲ್ಲಿ ಚುನಾಯಿತರಾದ 40 ಜನ, ಇನ್ನೊಂದರಲ್ಲಿ ದೊರೆ ನೇಮಿಸುವ 40 ಜನ. ಒಬ್ಬರೇ ಪ್ರಧಾನಿ ಸ್ವಾತಂತ್ರ್ಯದ ಕಾಲದಿಂದ 2020ರಲ್ಲಿ ತೀರಿಕೊಳ್ಳುವವರೆಗೂ ಕುರ್ಚಿಯಲ್ಲಿದ್ದರು, ದೊರೆಯ ಚಿಕ್ಕಪ್ಪ.

ಪ್ರಜೆಗಳಲ್ಲಿ ಶಿಯಾಗಳು ಹೆಚ್ಚು, ಆಳುವವರು ಸುನ್ನಿಗಳು. ಕೆಲಸ, ಮನೆ, ಅಧಿಕಾರದಲ್ಲಿ ಪಾಲು ಇಲ್ಲ ಅನ್ನೋ ಹಳೇ ಅಸಮಾಧಾನ 2011ರ ಫೆಬ್ರವರಿಯಲ್ಲಿ ಮನಾಮಾದ ಪರ್ಲ್ ಸರ್ಕಲ್‌ಗೆ ಬಂದು ಕೂತಿತು. ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಪಡೆಗಳು ಅದೇ ಸೇತುಮಾರ್ಗ ದಾಟಿ ಬಂದವು. ಮಾರ್ಚ್ 18ರಂದು ಸರ್ಕಲ್ ಮಧ್ಯದ ಮುತ್ತಿನ ಸ್ಮಾರಕವನ್ನೇ ಕೆಡವಿದರು. 2016ರಲ್ಲಿ ದೊಡ್ಡ ವಿರೋಧ ಪಕ್ಷ ಅಲ್ ವಿಫಾಕ್ ಅನ್ನು ವಿಸರ್ಜಿಸಲಾಯಿತು.

ಇಲ್ಲಿ ನನಗೆ ಹೊಳೆದದ್ದು ಒಂದು. ನಾವು ತೆರಿಗೆ ಕಟ್ಟುತ್ತೇವೆ, ಅದಕ್ಕೇ ಗುಂಡಿ ಬಿದ್ದಾಗ ಕಾರ್ಪೊರೇಷನ್‌ಗೆ ಬೈಯೋ ಹಕ್ಕು ಇದೆ ಅಂದುಕೊಳ್ಳುತ್ತೇವೆ. ಜನರಿಂದ ದುಡ್ಡು ಕೇಳದ ಸರ್ಕಾರಕ್ಕೆ ಜನರಿಗೆ ಲೆಕ್ಕ ಒಪ್ಪಿಸುವ ಒತ್ತಡವೂ ಕಡಿಮೆ.

7/8
ಈಗ ನಮ್ಮ ಸಬ್ಜೆಕ್ಟ್. ಅಕೌಂಟೆನ್ಸಿಯಲ್ಲಿ ಡಿಪ್ಲೀಷನ್ ಮೆಥಡ್ ನೆನಪಿದೆಯಾ? ಗಣಿ, ಕ್ವಾರಿ, ತೈಲಬಾವಿ ಇವೆಲ್ಲ ತೆಗೆದಷ್ಟೂ ಕರಗುವ ಆಸ್ತಿ. ಅದನ್ನ ಮಾರಿ ಬಂದ ದುಡ್ಡನ್ನೆಲ್ಲ ಆದಾಯ ಅಂತ ಖರ್ಚು ಮಾಡಿದರೆ, ಮನೆಯ ಇಟ್ಟಿಗೆ ಕಿತ್ತು ಮಾರಿ ಬಾಡಿಗೆ ಬಂತು ಅಂದ ಹಾಗೆ.

ಬಹ್ರೈನ್‌ಗೆ ಇದು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. 1971ರಲ್ಲೇ ಆಲ್ಬಾ ಅಲ್ಯೂಮಿನಿಯಂ ಕಾರ್ಖಾನೆ ಶುರುವಾಯಿತು, ಇಂದು ಅದು ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. 1975ರಲ್ಲಿ ಲೆಬನಾನ್‌ನ ಅಂತರ್ಯುದ್ಧದಿಂದ ಬೈರೂತ್ ಬಿಟ್ಟ ಬ್ಯಾಂಕುಗಳನ್ನ ಕರೆದು ಕೂರಿಸಿಕೊಂಡರು. ಇವತ್ತು ಜಿಡಿಪಿಯಲ್ಲಿ ಹಣಕಾಸು, ಕೈಗಾರಿಕೆಗಳೇ ದೊಡ್ಡ ಪಾಲು. ಆದರೆ ಸರ್ಕಾರದ ಆದಾಯದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ತೈಲ ಮತ್ತು ಅನಿಲದ್ದೇ. ಆಲ್ಬಾ ಕುಲುಮೆಗೆ ಬೇಕಾದ ವಿದ್ಯುತ್ತೂ ನೆಲದಡಿಯ ಅನಿಲದಿಂದಲೇ.

2006ರಲ್ಲಿ ಮುಂದಿನ ಪೀಳಿಗೆಗೆ ಅಂತ ಒಂದು ನಿಧಿ ಮಾಡಿದರು: ತೈಲದ ಬೆಲೆ 40 ಡಾಲರ್ ದಾಟಿದರೆ ಪ್ರತಿ ಬ್ಯಾರೆಲ್‌ಗೆ 1 ಡಾಲರ್ ಉಳಿತಾಯ. ಕೊರೊನಾ ಬಂದಾಗ, 2020ರಲ್ಲಿ, ಅದರಿಂದಲೂ 45 ಕೋಟಿ ಡಾಲರ್ ತೆಗೆದರು. 2014ರಲ್ಲಿ ತೈಲ ಬೆಲೆ ಬಿದ್ದ ಮೇಲೆ ಸಾಲ ಏರಿ ಏರಿ ಈಗ ಜಿಡಿಪಿಯನ್ನೇ ದಾಟಿದೆ. 2018ರಲ್ಲಿ ಸೌದಿ, ಯುಎಇ, ಕುವೈತ್ ಸೇರಿ 1,000 ಕೋಟಿ ಡಾಲರ್‌ನ ನೆರವು ಕೊಡಬೇಕಾಯಿತು. 2019ರಲ್ಲಿ 5% ವ್ಯಾಟ್ ಬಂತು, 2022ರಲ್ಲಿ ಅದು 10% ಆಯಿತು. 2025ರಿಂದ ದೊಡ್ಡ ಬಹುರಾಷ್ಟ್ರೀಯ ಕಂಪನಿಗಳ ಲಾಭದ ಮೇಲೆ ಕನಿಷ್ಠ 15% ತೆರಿಗೆ. 'ಟ್ಯಾಕ್ಸೇ ಇಲ್ಲ ಮಗಾ' ಅನ್ನೋ ವಾಕ್ಯ ನಿಧಾನಕ್ಕೆ ಹಳೇದಾಗ್ತಿದೆ.

8/8
'ಅದು ಅವರ ಕಥೆ, ನಮಗೇನು' ಅನ್ನಬೇಡಿ. ನಮ್ಮ ರಾಜ್ಯದಲ್ಲೇ ಒಂದು ದ್ವೀಪ ಇತ್ತು, ಕೋಲಾರದ ಕೆಜಿಎಫ್. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಹೋಯಿತು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಅಷ್ಟು ಮುಂದಿದ್ದ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇಂದು ಅಲ್ಲಿನ ಜನ ಬೆಳಗಾಗುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಇನ್ನೂ ಹತ್ತಿರ ಬೇಕಾ? ಮಾಗಡಿ ರೋಡ್ ಕಡೆ ಬನ್ನಿ. ಬಿನ್ನಿ ಮಿಲ್ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್.

ಫ್ರೆಂಡ್‌ಗೆ ಇದೆಲ್ಲ ಹೇಳಿದೆ. "ಹಾಗಾದ್ರೆ ಹೋಗಬೇಡ ಅಂತೀಯಾ?" ಅಂದ. ಇಲ್ಲಪ್ಪಾ, ಹೋಗು. ಅಲ್ಲಿ ದಶಕಗಳಿಂದ ನಮ್ಮವರು ಬದುಕು ಕಟ್ಟಿಕೊಂಡಿದ್ದಾರೆ. ಕನ್ನಡ ಸಂಘ ಇದೆ, ಅದಕ್ಕೆ ಸ್ವಂತ ಕನ್ನಡ ಭವನ ಇದೆ, ಯಕ್ಷಗಾನವೂ ನಡೆಯುತ್ತೆ. ಆದರೆ ನಿನಗೆ ಅಲ್ಲಿ ವೋಟು ಇಲ್ಲ, ಕೆಲಸ ಹೋದರೆ ವೀಸಾ ಹೋಗುತ್ತೆ, ಬಜೆಟ್ ಕಷ್ಟಕ್ಕೆ ಬಂದರೆ ಮೊದಲು ಮನೆಗೆ ಕಳಿಸೋದು ಹೊರಗಿನವರನ್ನ. ಆ ದೇಶ ತೈಲದ ವಿಷಯದಲ್ಲಿ ಮಾಡಿದ ತಪ್ಪನ್ನ ನೀನು ಸಂಬಳದ ವಿಷಯದಲ್ಲಿ ಮಾಡಬೇಡ. ನಿನ್ನ ವಯಸ್ಸೂ ಕರಗೋ ಆಸ್ತಿನೇ. ಬರೋ ದಿನಾರ್‌ನಲ್ಲಿ ಒಂದು ಪಾಲನ್ನ ಮೊದಲೇ ಎತ್ತಿಡು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಫಿ ದುಡ್ಡು ನೀನೇ ಕೊಡು, ನಾನು ಈಗಿಂದಲೇ ಉಳಿಸ್ತೀನಿ" ಅಂದ.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಗಲ್ಫ್‌ಗೆ ಹೋಗಿ ಬಂದವರಿದ್ದರೆ ಒಂದು ಪ್ರಶ್ನೆ ಕೇಳಿ: ಹೋಗುವಾಗ ಎಷ್ಟು ವರ್ಷ ಅಂದುಕೊಂಡಿದ್ದರು, ಇದ್ದದ್ದು ಎಷ್ಟು ವರ್ಷ? ಉತ್ತರ ಕೆಳಗೆ ಬರೀರಿ, ನಾನೂ ಓದ್ತೀನಿ, ಅವನೂ ಓದ್ತಾನೆ.

#ಬಹ್ರೈನ್ #ಇತಿಹಾಸ #ಬಿಕಾಂಹುಡುಗರು #ಗಲ್ಫ್‌ಕನ್ನಡಿಗರು