ಅಂಗಳಕ್ಕೆ ನಡೆದು ಹೋದ ಶಾಲೆ

ನಮ್ಮ ಬಡಾವಣೆಯ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಒಂದು ಅಂಗನವಾಡಿ ಇದೆ. ಅದರ ಮುಂದೆ ದಿನಕ್ಕೆರಡು ಬಾರಿ ಹಾಯ್ದು ಹೋಗುವ ನನಗೆ ಹಲಗೆಯ ಮೇಲಿನ ಆ ಮಾತಿನ ವಿಷಯದಲ್ಲಿ ಬಹುಕಾಲ ಯಾವ ಕುತೂಹಲವೂ ಇರಲಿಲ್ಲ. ದೆಹಲಿಯ ಯಾವುದೋ ಕಚೇರಿಯಲ್ಲಿ, ಕಡತಗಳ ನಡುವೆ ಕುಳಿತು, ಯಾರೋ ಅಧಿಕಾರಿ ಹೊಸೆದ ಹೆಸರಿರಬೇಕೆಂದು ಎಣಿಸಿದ್ದೆ. ಮರಾಠಿಯಲ್ಲಿ ಅದು ‘ಅಂಗಣವಾಡಿ’. ನಾವು ಅದನ್ನು ‘ಅಂಗನ’ ಎಂದು ಬರೆದುಕೊಂಡು ಒಳಗಿದ್ದ ಅಂಗಳ ಕಾಣದಂತೆ ಮಾಡಿಬಿಟ್ಟಿದ್ದೇವೆ. ಅಂಗಣವೆಂದರೆ ನಮ್ಮ ಅಂಗಳವೇ. ವಾಡಿ ಎಂದರೆ ಆ ಕಡೆಯ ಮಾತಿನಲ್ಲಿ ತೋಟ.

ಸರ್ಕಾರ ಈ ಹೆಸರನ್ನು ಎತ್ತಿಕೊಂಡದ್ದು 1975ರಲ್ಲಿ. ಅದಕ್ಕೆ ಬಹಳ ಮುಂಚೆಯೇ ಅರಬ್ಬೀ ಸಮುದ್ರದ ದಂಡೆಯ ಹಳ್ಳಿಯೊಂದರಲ್ಲಿ ಇಬ್ಬರು ಹೆಂಗಸರು ಆ ಕೆಲಸವನ್ನು ಮಾಡಿ, ಅದಕ್ಕೆ ಹೆಸರನ್ನೂ ಇಟ್ಟಿದ್ದರು. ಹೆಸರು ಹುಟ್ಟಿದ್ದು ಒಂದು ಸೋಲಿನಿಂದ. ಆ ಸೋಲಿನ ಕಥೆ ನಮ್ಮಂಥ ಪಟ್ಟಣಿಗರು ತಿಳಿಯಬೇಕಾದದ್ದು ಎಂದು ನನಗೆ ತೋರಿದ್ದರಿಂದ ಈ ಬರಹ.

ಮುಂಬಯಿಯಿಂದ ಸೂರತ್ತಿಗೆ ಹೋಗುವ ರೈಲು ಹಾದಿಯಲ್ಲಿ ಘೋಲವಡವೆಂಬ ಸಣ್ಣ ನಿಲ್ದಾಣವಿದೆ. ಅಲ್ಲಿಂದ ಕಡಲಿನ ಕಡೆಗೆ ಹೊರಟರೆ ಬೋರ್ಡಿ. ಈಗ ಅದು ಪಾಲಘರ್ ಜಿಲ್ಲೆ. ಆಗ ಠಾಣಾ ಜಿಲ್ಲೆ. ಎರಡು ಭಾಷೆಗಳು ಕಲೆಯುವ ನೆಲ ಅದು. ಪಕ್ಕದ ಉಂಬರಗಾಂವ ತಾಲೂಕು 1960ರಲ್ಲಿ ರಾಜ್ಯ ಒಡೆದಾಗ ಗುಜರಾತಿಗೆ ಹೋಯಿತು. ಚಿಕ್ಕೂ ತೋಟಗಳ ಒಡೆಯರಲ್ಲಿ ಅನೇಕರು ಪಾರಸಿಗಳು, ಇರಾನಿಗಳು. ದಂಡೆಯ ಮೇಲೆ ಬೆಸ್ತರು. ಊರೊಳಗೆ ಮರಾಠಿ, ಗುಜರಾತಿ ಮನೆಗಳು. ಊರಾಚೆ, ಆ ಕಾಲದಲ್ಲಿ ಹರಿಜನವಾಡಾ ಎಂದು ಕರೆಯುತ್ತಿದ್ದ ದಲಿತರ ಕೇರಿ. ಇನ್ನೂ ಒಳಕ್ಕೆ, ಗುಡ್ಡಗಳ ಕಡೆ, ವಾರ್ಲಿ ಮೊದಲಾದ ಬುಡಕಟ್ಟುಗಳ ಗುಡಿಸಲು. ಇಷ್ಟು ಬಗೆಯ ಜನ ಒಂದು ಕೂಗಳತೆಯಲ್ಲಿ ನೆರೆದಿರುವ ಊರು ಅಪರೂಪ. ನೆರೆದಿದ್ದರು ಎಂದೆ, ಬೆರೆತಿದ್ದರು ಎನ್ನಲಾರೆ.

1945ರಲ್ಲಿ ತಾರಾಬಾಯಿ ಮೋಡಕ್ ಇಲ್ಲಿಗೆ ಬಂದಾಗ ಅವರಿಗೆ ವಯಸ್ಸು 53. ಸಾಮಾನ್ಯವಾಗಿ ನಮ್ಮಲ್ಲಿ ನಿವೃತ್ತಿಯ ಲೆಕ್ಕ ಹಾಕಲು ತೊಡಗುವ ವಯಸ್ಸು. ಅವರ ಹಿಂದಿನ ಬದುಕೇ ಒಂದು ಕಾದಂಬರಿಗೆ ಸಾಕು. 1892ರಲ್ಲಿ ಮುಂಬಯಿಯ ಪ್ರಾರ್ಥನಾ ಸಮಾಜದ ಮನೆಯೊಂದರಲ್ಲಿ ಹುಟ್ಟಿ, ವಿಶ್ವವಿದ್ಯಾಲಯದ ಪದವಿ ಪಡೆದು, ಮದುವೆಯಾಗಿ, ಆ ಮದುವೆ ಮುರಿದು, ಮಗಳನ್ನು ಕಟ್ಟಿಕೊಂಡು ದುಡಿಮೆಗೆ ನಿಂತ ಹೆಂಗಸು. ರಾಜಕೋಟೆಯಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿಗೆ ಪ್ರಿನ್ಸಿಪಾಲರಾದರು. ಗೌರವದ ಹುದ್ದೆ, ಕೈತುಂಬ ಸಂಬಳ. ಅದನ್ನು ಬಿಟ್ಟು 1923ರ ಸುಮಾರಿಗೆ ಭಾವನಗರಕ್ಕೆ ಹೋದದ್ದು ಗಿಜುಭಾಯಿ ಬಧೇಕಾ ಎಂಬವರ ಶಾಲೆಯನ್ನು ಸೇರಲು.

ಗಿಜುಭಾಯಿ ವಕೀಲರಾಗಿದ್ದವರು. ತಮ್ಮ ಮಗ ಬೆಳೆಯುವುದನ್ನು ನೋಡುತ್ತ ನೋಡುತ್ತ, ಶಾಲೆಗಳಲ್ಲಿ ಮಕ್ಕಳಿಗೆ ಬೀಳುವ ಏಟು ನೆನೆದು ದಿಗಿಲುಗೊಂಡು, ವಕೀಲಿಯನ್ನು ಕೈಬಿಟ್ಟರು. 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಅವರು ತೆರೆದ ಬಾಲಮಂದಿರ ಇಟಲಿಯ ಮಾರಿಯಾ ಮಾಂಟೆಸರಿಯ ಪುಸ್ತಕಗಳನ್ನು ಓದಿ ಕಟ್ಟಿದ್ದು. ಆದರೆ ಗುಜರಾತಿನ ಕಥೆ, ಹಾಡು, ಕುಣಿತ ಎಲ್ಲವನ್ನೂ ಅದರಲ್ಲಿ ತುಂಬಿದರು. ಮೀಸೆ ಹೊತ್ತ ತಾಯಿ ಎಂದು ಜನ ಅವರನ್ನು ಕರೆದರು. 1926ರಲ್ಲಿ ಇವರೂ ತಾರಾಬಾಯಿಯೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮಾಂಟೆಸರಿ ನಮ್ಮ ದೇಶಕ್ಕೆ ಬಂದಿಳಿದದ್ದು 1939ರ ಕೊನೆಗೆ. ಆ ವರ್ಷದ ಜೂನ್ ತಿಂಗಳಲ್ಲೇ ಗಿಜುಭಾಯಿ ತೀರಿಕೊಂಡಿದ್ದರು.

ತಾರಾಬಾಯಿ 1936ರಲ್ಲಿ ಮುಂಬಯಿಗೆ ಮರಳಿ ದಾದರಿನಲ್ಲಿ ಶಿಶುವಿಹಾರ ತೆರೆದರು. ಶಾಲೆ ಚೆನ್ನಾಗಿ ನಡೆಯಿತು. ಚೆನ್ನಾಗಿ ನಡೆದದ್ದೇ ಅವರಿಗೆ ಮುಳ್ಳಾಯಿತೆಂದು ಕಾಣುತ್ತದೆ. ಮಾಂಟೆಸರಿ ಮೊದಲ ಮನೆಯನ್ನು ತೆರೆದದ್ದು ರೋಮಿನ ಕೂಲಿಕಾರರ ಕೇರಿಯಲ್ಲಿ, 1907ರಲ್ಲಿ. ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಅದು ಉಳ್ಳವರ ಮಕ್ಕಳ ಪಾಠಶಾಲೆಯಾಗಿ ಮಾರ್ಪಟ್ಟಿತ್ತು. ನಯವಾದ ಮರದ ಸಾಮಗ್ರಿಗೆ ಬೀಳುವ ವೆಚ್ಚವನ್ನು ಹಳ್ಳಿಯ ಶಾಲೆ ಹೊರುವಂತಿರಲಿಲ್ಲ. ಗಾಂಧೀಜಿಯ ಬುನಾದಿ ಶಿಕ್ಷಣದ ಮಾತು ದೇಶದಲ್ಲೆಲ್ಲ ಕೇಳಿಬರುತ್ತಿದ್ದ ಕಾಲ ಅದು. ಇದೇ ಶಿಕ್ಷಣ ಹಳ್ಳಿಯ ಬಡಮಗುವಿಗೆ ಒದಗಲಾರದೆ ಎಂಬ ಪ್ರಶ್ನೆ ಹಿಡಿದು ತಾರಾಬಾಯಿ ಬೋರ್ಡಿಗೆ ಬಂದರು.

ಜೊತೆಗೆ ಬಂದವರು ಅನುತಾಯಿ ವಾಘ್. 1910ರಲ್ಲಿ ಪುಣೆ ಸೀಮೆಯ ಮೋರಗಾಂವದಲ್ಲಿ ಹುಟ್ಟಿದ ಇವರಿಗೆ 13ರ ಪ್ರಾಯದಲ್ಲಿ ಮದುವೆ. ಆರು ತಿಂಗಳಲ್ಲಿ ವೈಧವ್ಯ. ಹಟ ಹಿಡಿದು ಓದಿ ಶಿಕ್ಷಕಿಯಾದರು, ಪುಣೆಯಲ್ಲಿ ಬಹಳ ವರ್ಷ ಪಾಠ ಹೇಳಿದರು. ಕಸ್ತೂರಬಾ ನಿಧಿಯವರು ಗ್ರಾಮಸೇವಿಕೆಯರಿಗಾಗಿ ಬೋರಿವಿಲಿಯಲ್ಲಿ ನಡೆಸಿದ ಶಿಬಿರದಲ್ಲಿ ತಾರಾಬಾಯಿಯನ್ನು ಕಂಡರು. ಅವರ ಬೆನ್ನಿಗೆ ಹೊರಟೇಬಿಟ್ಟರು. ಅಂದಿನಿಂದ 1992ರಲ್ಲಿ ಸಾಯುವವರೆಗೆ, 47 ವರ್ಷ, ಬೇರೆ ಊರೆಂಬುದು ಅವರಿಗೆ ಇರಲಿಲ್ಲ. ಒಬ್ಬರು ಗಂಡನಿಂದ ಬೇರೆಯಾದವರು, ಇನ್ನೊಬ್ಬರು ಬಾಲವಿಧವೆ. ಅಂದಿನ ಸಮಾಜದ ಲೆಕ್ಕದಲ್ಲಿ ಇಬ್ಬರೂ ಪಂಕ್ತಿಯಿಂದ ಎದ್ದವರೇ. ಹೊರಗಿನವರ ಮಕ್ಕಳು ಇವರ ಕಣ್ಣಿಗೆ ಬೇಗ ಬಿದ್ದದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವೆಂಬ ಹೆಸರಿನಿಂದ ಬಾಲವಾಡಿ ಆರಂಭವಾಯಿತು. ಎಲ್ಲ ಜಾತಿಯ ಮಕ್ಕಳೂ ಬರಬಹುದು; ಯಾರಿಗೂ ತಡೆ ಇಲ್ಲ. ಬಂದವರು ಯಾರು? ಊರೊಳಗಿನ, ಹೊಟ್ಟೆಗೆ ಇದ್ದವರ ಮಕ್ಕಳು. ದಲಿತರ ಕೇರಿಯಿಂದ ಮಕ್ಕಳು ಬರಲಿಲ್ಲ. ಬಾಗಿಲು ತೆರೆದಿತ್ತು, ಬಾಗಿಲ ತನಕ ನಡೆದು ಬರುವುದು ಹೇಗೆ? ತಲೆತಲಾಂತರದಿಂದ ತುಳಿಯದ ಬೀದಿಯನ್ನು ನಾಲ್ಕು ವರ್ಷದ ಮಗು ತುಳಿದು ಬರಬೇಕು. ತಾಯಿ ಮುಂಜಾವದಲ್ಲೇ ಕೂಲಿಗೆ ಹೋಗಿರುತ್ತಾಳೆ. ಮೈತೊಳೆದು, ಬಟ್ಟೆ ತೊಡಿಸಿ ಕಳಿಸುವವರು ಯಾರು? ಶುಚಿಯಾಗಿ ಕಳುಹಿಸಿ ಎಂಬ ಸಣ್ಣ ನಿಯಮ ಸಾಕು, ಅರ್ಧ ಊರನ್ನು ಹೊರಗಿಡಲು.

ಇಂಥ ಸ್ಥಿತಿಯಲ್ಲಿ ಹೆಚ್ಚಿನ ಸಂಸ್ಥೆಗಳು ಏನು ಮಾಡುತ್ತವೆಂದು ನಾವು ಬಲ್ಲೆವು. ಎಷ್ಟು ಹೇಳಿದರೂ ಈ ಜನಕ್ಕೆ ವಿದ್ಯೆಯ ಬೆಲೆ ತಿಳಿಯದು ಎಂದು ವರದಿಯಲ್ಲಿ ಬರೆದು, ಬಂದವರಿಗೆ ಪಾಠ ಹೇಳಿಕೊಂಡು ಇರುತ್ತವೆ. ಈ ಹೆಂಗಸರು ಸೋಲು ತಮ್ಮದೆಂದು ಒಪ್ಪಿಕೊಂಡರು. ಚಾಪೆ, ಬಕೆಟ್ಟು, ಬಾಚಣಿಗೆ ಹೊತ್ತುಕೊಂಡು ಕೇರಿಗೇ ನಡೆದರು. ಅಲ್ಲಿ ಯಾರದೋ ಮನೆಯ ಮುಂದಿನ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿದರು. ಊರೊಳಗಿನ ಶಾಲೆ ಕೇಂದ್ರ ಬಾಲವಾಡಿ, ಇದು ಅಂಗಣ ಬಾಲವಾಡಿ. ನಾಲಿಗೆಯ ಮೇಲೆ ಸವೆದು ಅಂಗಣವಾಡಿ ಆಯಿತು.

ಮೊದಲ ಪಾಠ ಸ್ನಾನ. ಮಕ್ಕಳ ಮೈ ತೊಳೆದು, ಉಗುರು ಕತ್ತರಿಸಿ, ತಲೆ ಬಾಚಿ ಆಮೇಲೆ ಹಾಡು, ಕಥೆ, ಆಟ. ಮೇಲಿನ ಕೇರಿಯವರು ಕಾಲಿಡದ ಅಂಗಳದಲ್ಲಿ ಕುಳಿತು, ಎಲ್ಲರ ಕಣ್ಣೆದುರಿಗೆ, ಮುಟ್ಟಬಾರದೆಂದ ಮಗುವಿನ ತಲೆಯಿಂದ ಹೇನು ಹೆಕ್ಕುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅಸ್ಪೃಶ್ಯತೆಯ ಮೇಲೆ ನಡೆದ ಎಷ್ಟೋ ಭಾಷಣಗಳಿಗಿಂತ ಆ ಬಾಚಣಿಗೆಯ ಮೇಲೆ ನನಗೆ ನಂಬಿಕೆ ಹೆಚ್ಚು.

ಸಾಮಗ್ರಿಯ ತೊಡಕೂ ಅಂಗಳದಲ್ಲೇ ಬಗೆಹರಿಯಿತು. ಕಡಲಿನ ದಂಡೆಯಲ್ಲಿ ಕಪ್ಪೆಚಿಪ್ಪಿಗೆ ಬರವೆ? ಚಿಪ್ಪು, ಬೀಜ, ಬೆಣಚುಕಲ್ಲು, ಎಲೆ, ಬಿದಿರು: ಎಣಿಸುವುದಕ್ಕೂ ಬಣ್ಣ ಗುರುತಿಸುವುದಕ್ಕೂ ಚಿಕ್ಕದು ದೊಡ್ಡದು ಎಂದು ಜೋಡಿಸುವುದಕ್ಕೂ ಇವೇ ಒದಗಿದವು. ಮಾಂಟೆಸರಿಯ ತತ್ವ ಹಾಗೇ ಉಳಿಯಿತು. ಮರದ ಪೆಟ್ಟಿಗೆ ಹೋಯಿತು. ಹಳ್ಳಿಯ ಹುಡುಗಿಯರನ್ನೇ ಬಾಲಸೇವಿಕೆಯರಾಗಿ ತರಬೇತುಗೊಳಿಸಿದ್ದರಿಂದ ಮಕ್ಕಳ ಮಾತು ಬಲ್ಲವರೇ ಅವರ ಮುಂದೆ ಕುಳಿತಂತಾಯಿತು. ಇದು ಚಿಕ್ಕ ವಿಷಯವಲ್ಲ. ವಾರ್ಲಿ ಮಗು ಮನೆಯಲ್ಲಿ ಆಡುವ ಮಾತು ಪುಸ್ತಕದ ಮರಾಠಿಯಿಂದ ಬಹಳ ದೂರ. ಶಾಲೆಗೆ ಬಂದ ದಿನವೇ ಮೂಕನಾಗುವ ಮಗು ಮರುದಿನ ಯಾಕೆ ಬಂದೀತು?

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಅದೇ 1945ರಲ್ಲಿ, ಅದೇ ಸೀಮೆಯ ಗುಡ್ಡಗಳಲ್ಲಿ, ಗೋದಾವರಿ ಪರುಳೇಕರ್ ವಾರ್ಲಿಗಳನ್ನು ಸಂಘಟಿಸುತ್ತಿದ್ದರು. ಮದುವೆಗೆಂದು ಸಾಹುಕಾರನಲ್ಲಿ ಸಾಲ ಮಾಡಿದ ವಾರ್ಲಿ ಹೆಂಡತಿಯ ಸಮೇತ ಅವನ ಜೀತಕ್ಕೆ ಬೀಳುತ್ತಿದ್ದ. ಅಂಥವರನ್ನು ‘ಲಗ್ನಗಡಿ’ ಎನ್ನುತ್ತಿದ್ದರು. ಬಿಟ್ಟಿ ದುಡಿಯುವುದಿಲ್ಲವೆಂದು ವಾರ್ಲಿಗಳು ಎದ್ದುನಿಂತರು. ಆ ವರ್ಷದ ಅಕ್ಟೋಬರಿನಲ್ಲಿ ತಲವಾಡದಲ್ಲಿ ಪೋಲೀಸರ ಗುಂಡಿಗೆ ವಾರ್ಲಿಗಳು ಬಲಿಯಾದರು. ಗೋದಾವರಿಬಾಯಿ ಕಮ್ಯೂನಿಸ್ಟರು, ತಾರಾಬಾಯಿ, ಅನುತಾಯಿ ಗಾಂಧಿಯ ಹಾದಿಯವರು. ಅತ್ತ ಗುಂಡು ಹಾರುವಾಗ ಇತ್ತ ಚಿಪ್ಪು ಎಣಿಸುವ ಪಾಠವೇ ಎಂದು ಕೇಳುವವರು ಇದ್ದಾರೆ. ಪ್ರಶ್ನೆ ಅನ್ಯಾಯದ್ದಲ್ಲ. ಜೀತದ ತಂದೆಯ ಮಗುವಿಗೆ ಸ್ನಾನ ಮಾಡಿಸಿದರೆ ಜೀತ ತೊಲಗದು. ಆದರೆ ಜೀತ ತೊಲಗಿದ ಮರುದಿನ ಆ ಮಗು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದವರು ಈ ಇಬ್ಬರೇ. ಇಬ್ಬಣದವರ ಕೆಲಸವನ್ನೂ ಒಂದೇ ಉಸಿರಿನಲ್ಲಿ ನೆನೆಯುವುದು ನಮಗೆ ಇನ್ನೂ ಅಭ್ಯಾಸವಾಗಿಲ್ಲ.

ಬೋರ್ಡಿಯಿಂದ ಅವರು 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಏರಿದರು, ವಾರ್ಲಿಗಳ ನಡುವೆಯೇ ಇರಲು. ಅಲ್ಲಿ ಮತ್ತೊಂದು ಸೋಲು ಕಾದಿತ್ತು. ಅಂಗಳಕ್ಕೆ ಹೋದರೂ ಮಗು ಸಿಗಲಿಲ್ಲ. ಏಳೆಂಟು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತಿತ್ತು. ತಾಯಿ ಗದ್ದೆಯಿಂದ ಬರುವ ತನಕ ಇಳಿಸುವಂತಿಲ್ಲ. ಹುಡುಗರು ದನದ ಹಿಂದೆ ಹೋಗಿರುತ್ತಿದ್ದರು. ಆದ್ದರಿಂದ ವಿಕಾಸವಾಡಿ ಎಂಬ ಏರ್ಪಾಡಿನಲ್ಲಿ ಕೂಸುಗಳ ತೊಟ್ಟಿಲುಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಇಟ್ಟರು. ಹುಡುಗಿ ಕಂಕುಳ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಮಗ್ಗುಲಲ್ಲೇ ಓದಲು ಕೂರಬಹುದು. ದನಗಾಹಿ ಹುಡುಗರಿಗಾಗಿ ಶಿಕ್ಷಕರೇ ಹುಲ್ಲುಗಾವಲಿಗೆ ಹೋದರು. ಅದಕ್ಕೆ ‘ಕುರಣಶಾಲೆ’ ಎಂದು ಹೆಸರು, ಕುರಣವೆಂದರೆ ಹುಲ್ಲುಗಾವಲು. ದನ ಮೇಯುತ್ತಿರಲಿ, ಪಾಠವೂ ನಡೆಯುತ್ತಿರಲಿ. ದುಡಿಯುವವರಿಗೆ ರಾತ್ರಿಶಾಲೆ. ಶಿಕ್ಷಣಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಕೂಸನ್ನು ಎತ್ತಿಕೊಂಡ ಅಕ್ಕನಿಗೆ ಜಾಗವಿರುವುದು ಕಡಮೆ. ಕೋಸಬಾಡದಲ್ಲಿ ಶಾಲೆಯ ನಕ್ಷೆಯನ್ನೇ ಅವಳಿಗಾಗಿ ಬರೆದರು.

1962ರಲ್ಲಿ ತಾರಾಬಾಯಿಗೆ ಪದ್ಮಭೂಷಣ ಬಂತು. 1985ರಲ್ಲಿ ಅನುತಾಯಿಗೆ ಪದ್ಮಶ್ರೀ. ತಾರಾಬಾಯಿ 1973ರ ಆಗಸ್ಟಿನಲ್ಲಿ ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಭಾರತ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆಗಳಲ್ಲಿ ಮೊದಲಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕಾವೇರಿ ಕಪಿಲೆಯರ ಸಂಗಮದ ಊರಿಗೆ ಬೋರ್ಡಿಯ ಕೇರಿಯ ಮಾತು ಹೀಗೆ ಬಂದು ಸೇರಿತು. ಇಂದು ದೇಶದಲ್ಲಿ ಅಂಗನವಾಡಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ.

ಬೆಳೆದದ್ದು ಸಂತೋಷವೇ. ಹಾಲು, ಮೊಟ್ಟೆ, ಚುಚ್ಚುಮದ್ದು, ತೂಕದ ಲೆಕ್ಕ ಇವೆಲ್ಲ ಬಡ ಮಗುವಿನ ಪ್ರಾಣದ ಪ್ರಶ್ನೆಗಳು, ಹಗುರವಾಗಿ ಮಾತನಾಡಲಾರೆ. ಆದರೆ ಇದನ್ನೆಲ್ಲ ನಡೆಸುವ ಹೆಂಗಸಿಗೆ ಸರ್ಕಾರ ಸಂಬಳ ಕೊಡುವುದಿಲ್ಲ, ಕೊಡುವುದು ‘ಗೌರವಧನ’. 2017ರ ಮಾರ್ಚಿಯಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲಿ ಹಗಲೂ ರಾತ್ರಿ ಕುಳಿತದ್ದು ಆ ಗೌರವವನ್ನು ಕೊಂಚ ಹೆಚ್ಚಿಸಿಕೊಳ್ಳಲು. ಅವರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಇನ್ನು, ಊರಿನ ಎಲ್ಲ ಬಗೆಯ ಮಕ್ಕಳೂ ಒಂದೇ ಚಾಪೆಯ ಮೇಲೆ ಎಂಬ ಮೊದಲಿನ ಆಸೆ ಎಲ್ಲಿ ಬಿದ್ದುಹೋಯಿತೋ ಯಾರೂ ಕೇಳಿದಂತಿಲ್ಲ.

ಈ ಬರಹಕ್ಕೆ ಕೂರುವ ಮೊದಲು ನಮ್ಮ ಮೂಲೆಯ ಅಂಗನವಾಡಿಗೆ ಮೊದಲ ಬಾರಿ ಹೋಗಿ ನಿಂತೆ. ಇಪ್ಪತ್ತೊಂದು ಮಕ್ಕಳಿದ್ದರು. ಎದುರಿಗೆ ಏಳುತ್ತಿರುವ ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿಗಳಿಂದ ಬಂದವರ ಮಕ್ಕಳು, ಒಡಿಶಾದ ಇಬ್ಬರು, ಕಾವಲುಗಾರನೊಬ್ಬನ ನೇಪಾಳಿ ಮಗಳು. ಟೀಚರಮ್ಮ ಕನ್ನಡದಲ್ಲಿ ಹಾಡು ಹೇಳಿಕೊಟ್ಟು, ತೆಲುಗಿನಲ್ಲಿ ಗದರಿಸಿ, ಹರಕುಮುರುಕು ಹಿಂದಿಯಲ್ಲಿ ಕಣ್ಣೀರು ಒರೆಸುತ್ತಿದ್ದರು.

“ನಮ್ಮ ಬೀದಿಯ ಮಕ್ಕಳು ಯಾರೂ ಬರುವುದಿಲ್ಲವೇನಮ್ಮ?” ಎಂದು ಕೇಳಿದೆ.

“ಇಲ್ಲ ಸಾರ್, ಅವರಿಗೆ ವ್ಯಾನು ಬರುತ್ತಲ್ಲ” ಎಂದರು.

ನನ್ನ ಮೊಮ್ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಾನೆ. ಎಂಟೂವರೆಗೆ ಬರುತ್ತದೆ.