ಸಿಪಾಯಿಯ ಸಂಬಳ: ದಿಲ್ಲಿಯ ಮೂವರು ಸುಲ್ತಾನರ ಮುಂದಿದ್ದ ಪ್ರಶ್ನೆ

ಪೊಲೀಸರಿಗೆ, ಅಗ್ನಿಶಾಮಕ ದಳದವರಿಗೆ, ಗಡಿ ಕಾಯುವವರಿಗೆ ಸರಕಾರ ಕೊಡುತ್ತಿರುವ ಸಂಬಳ, ಪಿಂಚಣಿ ಅತಿಯಾಯಿತೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತಿರುತ್ತದೆ. ನಿವೃತ್ತರಾದವರಿಗೆ ಸಾಯುವ ತನಕ ಕೊಡುವ ಹಣವನ್ನು ಎಲ್ಲಿಂದ ತರುವುದು ಎಂದು ಬೊಕ್ಕಸದ ಲೆಕ್ಕ ನೋಡುವವರು ಕೇಳುತ್ತಾರೆ. ಪ್ರಾಣವನ್ನು ಪಣಕ್ಕಿಟ್ಟು ದುಡಿದವನ ಮುಪ್ಪಿಗೆ ಯಾರು ದಿಕ್ಕು ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವು ಹೊಸ ಪ್ರಶ್ನೆಗಳಲ್ಲ. ಏಳು ಶತಮಾನಗಳ ಹಿಂದೆ ದಿಲ್ಲಿಯ ದರ್ಬಾರಿನಲ್ಲೂ ಇದೇ ವಾದ ನಡೆದಿತ್ತು. ಒಳನಾಡಿನ ದರೋಡೆಕೋರರನ್ನು ಅಡಗಿಸುವುದೂ ಗಡಿಯಲ್ಲಿ ಮಂಗೋಲರನ್ನು ತಡೆಯುವುದೂ ಆಗ ಒಂದೇ ದಂಡಿನ ಕೆಲಸವಾಗಿತ್ತು. ಅದರ ಖರ್ಚಿನ ಕುರಿತು ಮೂವರು ಸುಲ್ತಾನರು ಮೂರು ಬೇರೆ ಬೇರೆ ದಾರಿ ಹಿಡಿದುದನ್ನು ಝಿಯಾವುದ್ದೀನ್ ಬರನಿ ಮತ್ತು ಶಮ್ಸ್ ಸಿರಾಜ್ ಅಫೀಫ್ ಎಂಬ ಇತಿಹಾಸಕಾರರು ಬರೆದಿಟ್ಟಿದ್ದಾರೆ.

ಮುದುಕರ ಪರವಾಗಿ ಒಬ್ಬ ಕೊತ್ವಾಲ

ಸುಲ್ತಾನ್ ಇಲ್ತುತ್‌ಮಿಶ್ (1211-1236) ಗಂಗಾ-ಯಮುನಾ ನಡುವಿನ ದೋಆಬ್ ಪ್ರದೇಶದಲ್ಲಿ ಸುಮಾರು 2,000 ಮಂದಿ ಸವಾರರಿಗೆ ಸಂಬಳದ ಬದಲು ಹಳ್ಳಿಗಳ ಕಂದಾಯವನ್ನು ಬಿಟ್ಟುಕೊಟ್ಟಿದ್ದನು. ಘಿಯಾಸುದ್ದೀನ್ ಬಲ್ಬನ್ (1266-1287) ಪಟ್ಟಕ್ಕೆ ಬಂದು ತನಿಖೆ ಮಾಡಿಸಿದಾಗ ಅವರಲ್ಲಿ ಹಲವರು ಸತ್ತಿದ್ದರು. ಉಳಿದವರಲ್ಲಿ ಅನೇಕರು ಕುದುರೆ ಹತ್ತಲಾರದಷ್ಟು ಮುದುಕರಾಗಿದ್ದರು. ಸತ್ತವರ ಹಳ್ಳಿಗಳನ್ನು ಮಕ್ಕಳೂ ವಿಧವೆಯರೂ ಅನುಭವಿಸುತ್ತಿದ್ದರು. ದಂಡಿಗೆ ಬರುವವರು ಕಡಿಮೆ, ಕಂದಾಯ ತಿನ್ನುವವರು ಹೆಚ್ಚು ಎಂಬ ಸ್ಥಿತಿ.

ಬಲ್ಬನ್ ಅವರನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಮುದುಕರಿಗೆ 40-50 ಟಂಕಾ ಪಿಂಚಣಿ ಕೊಟ್ಟು ಅವರ ಹಳ್ಳಿಗಳನ್ನು ಸರಕಾರಕ್ಕೆ ಸೇರಿಸಬೇಕು. ದುಡಿಯಬಲ್ಲ ತರುಣರಿಗೆ ಯೋಗ್ಯತೆಗೆ ತಕ್ಕ ಸಂಬಳ ಕೊಡಬೇಕು. ಅನಾಥರಿಗೂ ವಿಧವೆಯರಿಗೂ ಜೀವನಾಂಶ ಕೊಡಬೇಕು ಎಂದು ಆಜ್ಞೆ ಹೊರಡಿಸಿದನು. ಇಂದಿನ ಯಾವುದೇ ಹಣಕಾಸು ಕಾರ್ಯದರ್ಶಿ ಒಪ್ಪಬಹುದಾದ ಆಜ್ಞೆ ಇದು. ಆದರೆ ಮುದುಕರು ಕಂಗಾಲಾದರು. ದಿಲ್ಲಿಯ ಕೊತ್ವಾಲ ಫಖ್ರುದ್ದೀನನ ಬಳಿಗೆ ಕಾಣಿಕೆ ಹೊತ್ತು ಹೋದರು. ಲಂಚ ಪಡೆದರೆ ತನ್ನ ಮಾತಿಗೆ ಬಲವಿರುವುದಿಲ್ಲವೆಂದು ಕೊತ್ವಾಲ ಕಾಣಿಕೆಯನ್ನು ಮುಟ್ಟಲಿಲ್ಲ. ದರ್ಬಾರಿಗೆ ಹೋಗಿ ಮುಖ ಬಾಡಿಸಿಕೊಂಡು ನಿಂತನು. ಸುಲ್ತಾನ ಕಾರಣ ಕೇಳಿದಾಗ, ಮುದುಕರನ್ನೆಲ್ಲ ತಳ್ಳಿಹಾಕುವುದಾದರೆ ಮುದುಕನಾದ ತನ್ನ ಗತಿಯೇನು ಎಂದು ನಿವೇದಿಸಿಕೊಂಡನು. ಕಠೋರನೆಂದು ಹೆಸರಾಗಿದ್ದ ಬಲ್ಬನ್ ಕಣ್ಣೀರು ಹಾಕಿ ಆಜ್ಞೆಯನ್ನು ಹಿಂತೆಗೆದನೆಂದು ಬರನಿ ಬರೆಯುತ್ತಾನೆ.

ಇಲ್ಲಿ ಬಲ್ಬನನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಒಂದು ಮಾತನ್ನು ನಂಬಿ ಯೌವನ ಕಳೆದವನಿಗೆ, ಮುಪ್ಪಿನಲ್ಲಿ ಆ ಮಾತು ಬದಲಾಯಿತೆಂದು ಹೇಳುವುದು ಬರಿಯ ಲೆಕ್ಕದ ವಿಷಯವಲ್ಲ. ಹೊಸ ಕೆಲಸ ಹಿಡಿಯುವ ವಯಸ್ಸು ಅವನಿಗೆ ಮೀರಿ ಹೋಗಿರುತ್ತದೆ.

ಅಗ್ಗದ ಸೈನ್ಯಕ್ಕೆ ತೆತ್ತ ಬೆಲೆ

1303ರಲ್ಲಿ ತರ್ಘಿಯ ನಾಯಕತ್ವದಲ್ಲಿ ಮಂಗೋಲರು ದಿಲ್ಲಿಯನ್ನೇ ಮುತ್ತಿದರು. ಚಿತ್ತೋಡಿನಿಂದ ಆಗಷ್ಟೇ ಮರಳಿದ್ದ ಅಲಾವುದ್ದೀನ್ ಖಿಲ್ಜಿ (1296-1316) ಸೀರಿಯಲ್ಲಿ ಬೀಡುಬಿಟ್ಟು ಹೇಗೋ ಪಾರಾದನು. ದೊಡ್ಡ ಕಾಯಂ ಸೈನ್ಯವಿಲ್ಲದೆ ಉಳಿಗಾಲವಿಲ್ಲವೆಂಬುದು ಅವನಿಗೆ ಮನದಟ್ಟಾಯಿತು. ಆದರೆ ಅಷ್ಟು ದೊಡ್ಡ ದಂಡಿಗೆ ರೂಢಿಯ ಸಂಬಳ ಕೊಟ್ಟರೆ ಐದಾರು ವರ್ಷಗಳಲ್ಲಿ ಖಜಾನೆ ಬರಿದಾಗುವುದೆಂಬ ಲೆಕ್ಕ ಎದುರಿಗಿತ್ತು.

ಅವನು ಒಬ್ಬ ಸವಾರನಿಗೆ ವರ್ಷಕ್ಕೆ 234 ಟಂಕಾ, ಎರಡನೇ ಕುದುರೆ ಇಟ್ಟವನಿಗೆ ಇನ್ನೂ 78 ಟಂಕಾ ಎಂದು ಗೊತ್ತುಪಡಿಸಿದನು. ಹಳ್ಳಿ ಕೊಡುವ ಪದ್ಧತಿ ಬಿಟ್ಟು ಖಜಾನೆಯಿಂದ ನಗದಾಗಿ ಕೊಟ್ಟನು. ಕುದುರೆಗಳಿಗೆ ಮುದ್ರೆ ಒತ್ತಿಸಿ, ಸಿಪಾಯಿಗಳ ಚಹರೆ ಬರೆಸಿ ಮೋಸ ತಡೆದನು. ಈ ಸಂಬಳದಲ್ಲಿ ಬದುಕಬೇಕಾದರೆ ಪದಾರ್ಥಗಳು ಅಗ್ಗವಾಗಬೇಕೆಂದು ಮಂತ್ರಿಗಳು ಹೇಳಿದಾಗ ಆತ ಪೇಟೆಯನ್ನೇ ಹಿಡಿತಕ್ಕೆ ತೆಗೆದುಕೊಂಡನು. ಗೋಧಿ ಮಣಕ್ಕೆ ಏಳೂವರೆ ಜೀತಲ್, ಬಾರ್ಲಿ ನಾಲ್ಕು, ಅಕ್ಕಿ ಐದು ಎಂದು ದರ ನಿಗದಿಯಾಯಿತು. ಬಟ್ಟೆ, ಸಕ್ಕರೆ, ಕುದುರೆ, ಯಾವುದೂ ಬಿಟ್ಟುಹೋಗಲಿಲ್ಲ. ಮಳೆ ಬಾರದ ವರ್ಷವೂ ದಿಲ್ಲಿಯಲ್ಲಿ ಧಾನ್ಯದ ಬೆಲೆ ಏರಲಿಲ್ಲವೆಂದು ಬರನಿ ಬೆರಗಾಗುತ್ತಾನೆ. ಮಲಿಕ್ ಕಾಫೂರನ ನೇತೃತ್ವದಲ್ಲಿ 1311ರಲ್ಲಿ ನಮ್ಮ ಹೊಯ್ಸಳರ ದೋರಸಮುದ್ರದ ವರೆಗೆ ಬಂದುದು ಈ ವ್ಯವಸ್ಥೆಯಲ್ಲಿ ಬೆಳೆದ ಸೈನ್ಯವೇ.

ಮೇಲ್ನೋಟಕ್ಕೆ ಇದು ಜಾಣತನದ ಮಿತವ್ಯಯ. ಆದರೆ ಉಳಿದ ಹಣ ಎಲ್ಲಿಂದ ಬಂತು? ದೋಆಬಿನ ರೈತ ಬೆಳೆಯ ಅರ್ಧವನ್ನು ಕಂದಾಯವಾಗಿ ತೆರಬೇಕಿತ್ತು. ಮಿಕ್ಕಿದ್ದನ್ನೂ ಸರಕಾರಿ ದರಕ್ಕೇ ವರ್ತಕರಿಗೆ ಮಾರಬೇಕಿತ್ತು. ಧಾನ್ಯ ಸಾಗಿಸುವವರನ್ನು ಹೆಂಡತಿ ಮಕ್ಕಳ ಸಮೇತ ಯಮುನೆಯ ದಂಡೆಯ ಹಳ್ಳಿಗಳಲ್ಲಿ ನೆಲೆಗೊಳಿಸಿ ಕಣ್ಗಾವಲಿನಲ್ಲಿಡಲಾಗಿತ್ತು. ತೂಕದಲ್ಲಿ ಕಡಿಮೆ ಮಾಡಿದ ಅಂಗಡಿಯವನ ಮೈಯಿಂದ ಅಷ್ಟೇ ಮಾಂಸ ಕತ್ತರಿಸಲಾಗುತ್ತಿತ್ತು. ಅಂದರೆ ಸಿಪಾಯಿಯ ಸಂಬಳದಲ್ಲಿ ಉಳಿಸಿದ್ದನ್ನು ರೈತ ಮತ್ತು ವರ್ತಕ ತುಂಬಿಕೊಟ್ಟರು. ಅದು ಖಜಾನೆಯ ಪುಸ್ತಕದಲ್ಲಿ ಕಾಣಿಸಲಿಲ್ಲ ಅಷ್ಟೇ. ಸುಲ್ತಾನ 1316ರಲ್ಲಿ ತೀರಿಕೊಂಡನು. ಮಗ ಮುಬಾರಕ್ ಶಾಹನ ಕಾಲದಲ್ಲಿ ಈ ಕಟ್ಟಳೆಗಳು ಸಡಿಲಗೊಂಡು ಬೆಲೆಗಳು ಏರಿದವು.

ಧಾರಾಳತನ ತಲುಪಿದ್ದು ಯಾರಿಗೆ?

ಫಿರೋಝ್ ಶಾಹ್ ತುಘ್ಲಕ್ (1351-1388) ಇದಕ್ಕೆ ತದ್ವಿರುದ್ಧ ಸ್ವಭಾವದವನು. ಕಾಲುವೆಗಳನ್ನು ತೋಡಿಸಿದ, ಆಸ್ಪತ್ರೆ ಕಟ್ಟಿಸಿದ, ಅಂಗಚ್ಛೇದದಂತಹ ಶಿಕ್ಷೆಗಳನ್ನು ನಿಲ್ಲಿಸಿದ ಈ ದಯಾಳುವಿಗೆ ಸಿಪಾಯಿಗಳ ಮೇಲೂ ಮಮತೆಯಿತ್ತು. ಸಂಬಳಕ್ಕೆ ಬದಲಾಗಿ ಮತ್ತೆ ಹಳ್ಳಿಗಳನ್ನು ಕೊಡತೊಡಗಿದನು. ಸಿಪಾಯಿ ಮುದುಕನಾದರೆ ಅವನ ಸ್ಥಾನಕ್ಕೆ ಮಗ, ಮಗನಿಲ್ಲದಿದ್ದರೆ ಅಳಿಯ, ಅಳಿಯನೂ ಇಲ್ಲದಿದ್ದರೆ ಗುಲಾಮ ಬರಬಹುದೆಂದು ಅಪ್ಪಣೆ ಮಾಡಿದನು. ಬಂದವನು ಯುದ್ಧ ಬಲ್ಲವನೇ ಎಂಬ ಪ್ರಶ್ನೆ ಹಿಂದೆ ಸರಿಯಿತು.

ಅಫೀಫ್ ಹೇಳುವ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ತನ್ನ ಕುದುರೆ ತಪಾಸಣೆಯಲ್ಲಿ ಪಾಸಾಗಿಲ್ಲವೆಂದು ಸಿಪಾಯಿಯೊಬ್ಬ ಗೆಳೆಯನೊಡನೆ ಅಳಲು ತೋಡಿಕೊಳ್ಳುತ್ತಿದ್ದುದು ಸುಲ್ತಾನನ ಕಿವಿಗೆ ಬಿತ್ತು. ಕಚೇರಿಯ ಗುಮಾಸ್ತನಿಗೆ ಕೊಡಲು ಒಂದು ಚಿನ್ನದ ಟಂಕಾ ಬೇಕೆಂದು ತಿಳಿದಾಗ, ಸುಲ್ತಾನ ತಾನೇ ಆ ನಾಣ್ಯವನ್ನು ಕೊಟ್ಟು ಕಳುಹಿಸಿದನು! ತನ್ನ ಸರಕಾರದ ಗುಮಾಸ್ತನಿಗೆ ಸಲ್ಲಬೇಕಾದ ಲಂಚವನ್ನು ಬಾದಶಾಹನೇ ತೆತ್ತ ಉದಾಹರಣೆ ಇತಿಹಾಸದಲ್ಲಿ ಬೇರೆ ಸಿಕ್ಕೀತೇ?

ಹಳ್ಳಿ ಸಿಗದ ಸಿಪಾಯಿಗಳಲ್ಲಿ ಹಲವರಿಗೆ ಪ್ರಾಂತಗಳ ಕಂದಾಯದ ಮೇಲೆ ಸಂಬಳದ ಚೀಟಿ ಕೊಡಲಾಗುತ್ತಿತ್ತು. ಅಲ್ಲಿಗೆ ಹೋದರೆ ಚೀಟಿಯ ಅರ್ಧ ಹಣ ಮಾತ್ರ ಕೈಗೆ ಬರುತ್ತಿತ್ತು. ದೂರ ಹೋಗಲಾರದವರಿಂದ ನಗರದ ದಲ್ಲಾಳಿಗಳು ಮೂರನೇ ಒಂದು ಭಾಗ ಕೊಟ್ಟು ಚೀಟಿ ಕೊಂಡು, ಪ್ರಾಂತದಲ್ಲಿ ಅರ್ಧ ವಸೂಲು ಮಾಡಿ ಶ್ರೀಮಂತರಾದರು. ಸೇನಾ ಇಲಾಖೆಯ ಮುಖ್ಯಸ್ಥನಾಗಿದ್ದ ಇಮಾದುಲ್ ಮುಲ್ಕ್ ಬಶೀರ್ ಸತ್ತಾಗ 13 ಕೋಟಿ ಟಂಕಾ ಬಿಟ್ಟುಹೋದನು. ಇಡೀ ರಾಜ್ಯದ ಅಂದಾಜು ವಾರ್ಷಿಕ ಕಂದಾಯ 6 ಕೋಟಿ 75 ಲಕ್ಷ ಮಾತ್ರವಿತ್ತು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಹೊರಗಿನಿಂದ ನೋಡಿದವರಿಗೆ ಸಿಪಾಯಿಗಳ ಮೇಲೆ ಹಣ ನೀರಿನಂತೆ ಹರಿಯುತ್ತಿದೆ ಎನಿಸುತ್ತಿತ್ತು. ಚೀಟಿ ಮಾರಿಕೊಂಡ ಸಿಪಾಯಿಗೆ ಸಿಕ್ಕಿದ್ದು ಮೂರನೇ ಒಂದು ಭಾಗ. ಫಿರೋಝನ ಮರಣದ ಹತ್ತು ವರ್ಷಗಳ ಬಳಿಕ, 1398ರಲ್ಲಿ, ತೈಮೂರ್ ಬಂದಾಗ ದಿಲ್ಲಿಯ ಸೈನ್ಯ ಒಂದು ದಿನವೂ ನಿಲ್ಲಲಿಲ್ಲ. ಉತ್ತರಾಧಿಕಾರದ ಕಲಹವೂ ಅದಕ್ಕೆ ಕಾರಣವಾಗಿತ್ತು, ನಿಜ. ಆದರೆ ವಂಶಪಾರಂಪರ್ಯವಾಗಿ ಬಂದ ಸಿಪಾಯಿಗಿರಿಯ ಪಾಲನ್ನು ಅಲ್ಲಗಳೆಯಲಾಗದು.

ಇಂದಿನ ಲೆಕ್ಕ

ನಮ್ಮ ದೇಶದಲ್ಲಿ 2004ರ ಜನವರಿ 1ರ ನಂತರ ಕೇಂದ್ರ ಸೇವೆಗೆ ಸೇರಿದವರನ್ನು ಹೊಸ ಪಿಂಚಣಿ ಯೋಜನೆಗೆ ಒಳಪಡಿಸಲಾಯಿತು. ಮೂರು ಸಶಸ್ತ್ರ ಪಡೆಗಳಿಗೆ ವಿನಾಯಿತಿ ದೊರೆಯಿತು. ಬಿಎಸ್‌ಎಫ್, ಸಿಆರ್‌ಪಿಎಫ್ ಸೇರಿದ ಹೊಸಬರಿಗೆ ದೊರೆಯಲಿಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ಪೊಲೀಸರೂ ಹೊಸ ಯೋಜನೆಗೆ ಬಂದರು. 2022ರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆಯ ನಂತರ ಗರಿಷ್ಠ ನಾಲ್ಕನೇ ಒಂದು ಭಾಗದವರಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಇಡಿಗಂಟು ಇದೆ, ಪಿಂಚಣಿ ಇಲ್ಲ. ನಮ್ಮ ರಾಜ್ಯದ ಪೊಲೀಸರು ಸಂಬಳ, ರಜೆ, ದುಡಿಮೆಯ ಅವಧಿಯ ಅಸಮಾಧಾನದಿಂದ 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ಕೊಡುವ ತನಕ ಹೋದುದು ನೆನಪಿರಬಹುದು. ಅನಂತರ ಔರಾದ್ಕರ್ ಸಮಿತಿ ಬಂತು. 2019ರಲ್ಲಿ ವೇತನ ಪರಿಷ್ಕರಣೆಯಾಯಿತು.

ಬಲ್ಬನನ ಮೊದಲ ಆಜ್ಞೆಗೆ ಹೋಲಿಸಿದರೆ, ಹಳಬರ ಪಿಂಚಣಿ ಮುಟ್ಟದೆ ಹೊಸಬರಿಗೆ ಮಾತ್ರ ನಿಯಮ ಬದಲಿಸಿದ್ದು ಹೆಚ್ಚು ನ್ಯಾಯವಾದ ಕ್ರಮ. ಸೇರುವಾಗಲೇ ಷರತ್ತು ತಿಳಿದಿರುತ್ತದೆ. ಹಳೆಯ ಪಿಂಚಣಿ ಪದ್ಧತಿಯಲ್ಲಿ ಪ್ರತ್ಯೇಕ ನಿಧಿ ಇರಲಿಲ್ಲ. ಇಂದಿನ ತೆರಿಗೆಯಿಂದ ನಿನ್ನೆಯವರಿಗೆ ಕೊಡಬೇಕಿತ್ತು. ಆ ಭಾರ ನಾಳಿನ ಪೀಳಿಗೆಯ ಮೇಲೆ ಬೀಳುವುದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಗಡಿಯಲ್ಲಿ ನಿಂತ ಇಬ್ಬರಿಗೆ ಎರಡು ಬಗೆಯ ಮುಪ್ಪನ್ನು ನಿಗದಿ ಮಾಡಿದ್ದಕ್ಕೆ ಸರಕಾರ ಸಮಾಧಾನ ಹೇಳಬೇಕಾಗುತ್ತದೆ.

ಆದ್ದರಿಂದ ಕೆಳಹಂತದ ಪೇದೆಯ ಸಂಬಳ ಹೆಚ್ಚಾಯಿತೆನ್ನುವವರು ಮೊದಲು ಎರಡು ಲೆಕ್ಕ ಒಪ್ಪಿಸಲಿ. ಅದನ್ನು ಕಡಿಮೆ ಮಾಡಿದರೆ ಉಳಿದ ಹೊರೆ ಯಾರ ಹೆಗಲಿಗೆ ಹೋಗುತ್ತದೆ? ದೂರು ಕೊಡಲು ಠಾಣೆಯ ಮೆಟ್ಟಿಲು ಹತ್ತಿದ ಬಡವನ ಹೆಗಲಿಗೋ? ಇನ್ನೊಂದು, ರಕ್ಷಣೆಯ ಹೆಸರಿನಲ್ಲಿ ಬರೆದ ಖರ್ಚಿನಲ್ಲಿ ನಿಜವಾಗಿ ಪೇದೆಯ ಮನೆಗೆ ಮುಟ್ಟುವುದೆಷ್ಟು? ಸಂಬಳ ಹೆಚ್ಚಿಸಬೇಕೆನ್ನುವವರೂ ಒಂದು ಉತ್ತರ ಕೊಡಬೇಕು: ಪಡೆದವನ ಕರ್ತವ್ಯದ ತಪಾಸಣೆ ಹೇಗೆ? ಫಿರೋಝ್ ಶಾಹ್ ಆ ಚಿನ್ನದ ನಾಣ್ಯವನ್ನು ತನ್ನ ಕಿಸೆಯಲ್ಲೇ ಇಟ್ಟುಕೊಂಡು, ಗುಮಾಸ್ತನನ್ನು ಕರೆಸಿ ವಿಚಾರಿಸಿದ್ದರೆ ಸಿಪಾಯಿಗೂ ರಾಜ್ಯಕ್ಕೂ ಹೆಚ್ಚು ಉಪಕಾರವಾಗುತ್ತಿತ್ತು.