ಅಂಕದ ಹಿಂದಿನ ಅಳತೆಗೋಲು

ಅಮೆರಿಕದ ಕಾಲೇಜು ಸೇರಬಯಸುವ ವಿದ್ಯಾರ್ಥಿಗೆ ಸ್ಯಾಟ್ ಪರೀಕ್ಷೆಯ ಒಂದು ವಿಭಾಗದಲ್ಲಿ 500 ಅಂಕ ಬಂದಿದೆ ಎನ್ನೋಣ. ನೂರಕ್ಕೆ ಇಷ್ಟು ಬಂದರೆ ಪಾಸು ಎಂಬ ಲೆಕ್ಕಕ್ಕೆ ಒಗ್ಗಿದವರಿಗೆ ಇದೊಂದು ಒಗಟು. ಇಲ್ಲಿ ಪಾಸು, ಫೇಲು ಎಂಬುದಿಲ್ಲ. ಅಂಕಗಳು ಆರಂಭವಾಗುವುದು ಸೊನ್ನೆಯಿಂದಲ್ಲ, 200ರಿಂದ, ಮುಗಿಯುವುದು 800ಕ್ಕೆ. ಈ ಅಳತೆಗೋಲಿನ ಹಿಂದೆ ಸ್ವಾರಸ್ಯದ ಚರಿತ್ರೆಯಿದೆ.

ಮೊದಲ ಮಹಾಯುದ್ಧದ ವೇಳೆ ಅಮೆರಿಕದ ಸೈನ್ಯವು ಹೊಸದಾಗಿ ಸೇರಿದವರ ಬುದ್ಧಿಶಕ್ತಿ ಅಳೆಯಲು ಪರೀಕ್ಷೆಗಳನ್ನು ನಡೆಸಿತು. ಆ ಕೆಲಸದಲ್ಲಿ ಪಾಲ್ಗೊಂಡಿದ್ದ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗ್‌ಹ್ಯಾಮ್ ಅದೇ ಮಾದರಿಯನ್ನು ಕಾಲೇಜು ಪ್ರವೇಶಕ್ಕೆ ಹೊಂದಿಸಿದರು. 1926ರ ಜೂನ್‌ನಲ್ಲಿ ಸುಮಾರು 8 ಸಾವಿರ ಮಂದಿ ಮೊದಲ ಸ್ಯಾಟ್ ಬರೆದರು. ಸೈನ್ಯದ ಅಂಕಗಳನ್ನು ಆಧರಿಸಿ, ಉತ್ತರ ಯೂರೋಪಿನ ಜನ ಉಳಿದವರಿಗಿಂತ ಜಾಣರೆಂದು 1923ರಲ್ಲಿ ಪುಸ್ತಕ ಬರೆದಿದ್ದವರೂ ಇವರೇ. 1930ರಲ್ಲಿ ಆ ವಾದಕ್ಕೆ ಆಧಾರವಿಲ್ಲವೆಂದು ಒಪ್ಪಿಕೊಂಡರು. ಆದರೆ ಪರೀಕ್ಷೆ ಉಳಿಯಿತು.

ಅದನ್ನು ಬೆಳೆಸಿದ್ದು ಹಾರ್ವರ್ಡ್. 1933ರಲ್ಲಿ ಅದರ ಅಧ್ಯಕ್ಷರಾದ ಜೇಮ್ಸ್ ಕೊನಾಂಟ್ ಅವರಿಗೆ ಸಿರಿವಂತರ ಶಾಲೆಗಳಾಚೆಯ ಪ್ರತಿಭಾವಂತರು ಬೇಕಿದ್ದರು. ಒಂದೊಂದು ಶಾಲೆಯ ಮಟ್ಟ ಒಂದೊಂದು ಬಗೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಉತ್ತರವಾಗಿ ಸಿಕ್ಕಿದ್ದು ಸ್ಯಾಟ್.

ಮಧ್ಯಬಿಂದುವಿನ ಕತೆ

1941ರಲ್ಲಿ ಪರೀಕ್ಷೆ ಬರೆದ ಸುಮಾರು 10 ಸಾವಿರ ಮಂದಿಯ ಸರಾಸರಿಯನ್ನು 500 ಎಂದು ಗೊತ್ತುಮಾಡಲಾಯಿತು. ಮುಂದಿನ ಪ್ರಶ್ನೆಪತ್ರಿಕೆಗಳ ಅಂಕಗಳನ್ನೆಲ್ಲ ಆ ಗುಂಪಿಗೇ ಹೋಲಿಸಲಾಗುತ್ತಿತ್ತು. ಆ ಗುಂಪಿನಲ್ಲಿ ಖಾಸಗಿ ಶಾಲೆಯವರು ಬಹಳ ಮಂದಿ ಇದ್ದರು. ಕಾಲಕ್ರಮದಲ್ಲಿ ಬಗೆಬಗೆಯ ಹಿನ್ನೆಲೆಯ ಲಕ್ಷಾಂತರ ಮಕ್ಕಳು ಪರೀಕ್ಷೆಗೆ ಬಂದರು. 1990ರ ದಶಕದ ಆರಂಭಕ್ಕೆ ಭಾಷಾ ವಿಭಾಗದ ಸರಾಸರಿ 430ಕ್ಕಿಂತ ಕೆಳಗಿತ್ತು. ಆಗ, 1995ರಲ್ಲಿ, ಮಧ್ಯಬಿಂದುವನ್ನೇ ಸರಿಸಲಾಯಿತು. ಹಳೆಯ 420ರ ಆಸುಪಾಸಿನ ಅಂಕ 500 ಆಯಿತು. ವಿದ್ಯಾರ್ಥಿಯ ಜ್ಞಾನ ಕಿಂಚಿತ್ತೂ ಹೆಚ್ಚಿರಲಿಲ್ಲ. ಹೋಲಿಕೆಯ ಗುಂಪು ಬದಲಾಗಿತ್ತು, ಅಷ್ಟೆ.

ಹೀಗಾಗಿ ಅಂಕಕ್ಕಿಂತ ಪರ್ಸೆಂಟೈಲ್ ನೋಡುವುದು ಲೇಸು. 75ನೇ ಪರ್ಸೆಂಟೈಲ್ ಎಂದರೆ ಶೇ 75ರಷ್ಟು ಉತ್ತರ ಸರಿಯೆಂದಲ್ಲ. ನೂರರಲ್ಲಿ ಸುಮಾರು 75 ಮಂದಿ ಆ ಅಂಕ ಅಥವಾ ಅದಕ್ಕಿಂತ ಕಡಿಮೆ ಪಡೆದಿದ್ದಾರೆ ಎಂದು. ನಮ್ಮ ಜೆಇಇ ಮೇನ್‌ನಲ್ಲೂ 2019ರಿಂದ ಈ ಬಗೆಯ ಲೆಕ್ಕವೇ ಬಳಕೆಗೆ ಬಂತು. ಇನ್ನೊಂದು ಮಾತು: ಅದೇ ವಿದ್ಯಾರ್ಥಿ ಮತ್ತೊಮ್ಮೆ ಬರೆದರೆ ಒಂದು ವಿಭಾಗದಲ್ಲಿ ಸುಮಾರು 30 ಅಂಕ ಆಚೀಚೆ ಆಗುವುದು ಸಹಜ. 610 ಪಡೆದವರು 600 ಪಡೆದವರಿಗಿಂತ ಜಾಣರೆಂದು ಹೇಳಲಾಗದು.

ಕೋವಿಡ್ ಬಂದ 2020ರಲ್ಲಿ ಅನೇಕ ಕಾಲೇಜುಗಳು ಸ್ಯಾಟ್ ಕಡ್ಡಾಯವನ್ನು ಕೈಬಿಟ್ಟವು. ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಅದನ್ನು ಮತ್ತೆ ಕಡ್ಡಾಯವೆಂದು ಪ್ರಕಟಿಸಿದವು. ಸೌಲಭ್ಯವಿಲ್ಲದ ಶಾಲೆಗಳ ಜಾಣರನ್ನು ಗುರುತಿಸಲು ಪರೀಕ್ಷೆ ಬೇಕು ಎಂಬುದು ಅವುಗಳ ವಾದ. ಮನೆಯ ವರಮಾನ ಏರಿದಂತೆ ಅಂಕವೂ ಏರುತ್ತದೆ ಎಂಬುದು ವಿರೋಧಿಗಳ ಆಕ್ಷೇಪ. ಎರಡರಲ್ಲೂ ಸತ್ಯಾಂಶವಿದೆ. ಒಂದೇ ಅಂಕ ಪಡೆದ ಇಬ್ಬರು ಒಂದೇ ಹಾದಿ ನಡೆದು ಬಂದಿರುವುದಿಲ್ಲ. ಆ ಹಾದಿಯ ದೂರವನ್ನು ಅಂಕಪಟ್ಟಿ ಹೇಳುವುದಿಲ್ಲ.